ಕಾಲು ಕೊಟ್ಟವರಿಗೆ ಶಾಲು ಸಾಕೇ?

ಆಗಸ್ಟ್ 15 ಮತ್ತು ಜನವರಿ 26 ಬಂತೆಂದರೆ ಕಡೂರು, ತರೀಕೆರೆ, ಅಜ್ಜಂಪುರಗಳಂಥ ಊರುಗಳಲ್ಲಿ ಮಾಜಿ ಸೈನಿಕರಿಗೆ ಬೇಡಿಕೆ. ವೇದಿಕೆಗೆ ಕರೆದು ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಡಲಾಗುತ್ತದೆ. ಮೆಟ್ಟಿಲು ಹತ್ತಲಾಗದವರಿದ್ದರೆ ಇಬ್ಬರು ತೋಳು ಹಿಡಿಯುತ್ತಾರೆ, ಚಪ್ಪಾಳೆಯೂ ಜೋರಾಗುತ್ತದೆ. ಮರುದಿನದಿಂದ ಆ ಊರುಗೋಲು ಯಾರ ಕಣ್ಣಿಗೂ ಬೀಳುವುದಿಲ್ಲ. ಯುದ್ಧದಲ್ಲಿ ಮಡಿದವರಿಗೆ ಸ್ಮಾರಕಗಳಿವೆ. ಅಂಗ ಕಳೆದುಕೊಂಡು ಬದುಕಿ ಬಂದವರಿಗೆ ಏನಿದೆ?

ಈ ಪ್ರಶ್ನೆಯನ್ನು ತನ್ನ ಬದುಕಿನ ಪ್ರಶ್ನೆಯಾಗಿ ಮಾಡಿಕೊಂಡ ಒಬ್ಬರನ್ನು ನಾವಿಲ್ಲಿ ನೆನಪಿಸಿಕೊಳ್ಳಬಯಸುತ್ತೇವೆ. ಅವರು ನಮ್ಮ ಜಿಲ್ಲೆಯವರಲ್ಲ, ಮುಂಬೈಯಲ್ಲಿ ಹುಟ್ಟಿದವರು. ಹೆಸರು ಮೇಜರ್ ಜನರಲ್ ಇಯಾನ್ ಕಾರ್ಡೋಜೊ. 1971ರ ಡಿಸೆಂಬರ್‌ನಲ್ಲಿ ಅವರು ಐದನೇ ಗೂರ್ಖಾ ರೈಫಲ್ಸ್‌ನ ನಾಲ್ಕನೇ ಬೆಟಾಲಿಯನ್‌ನಲ್ಲಿ ಮೇಜರ್ ಆಗಿ, ಇಂದಿನ ಬಾಂಗ್ಲಾದೇಶದ ಸಿಲ್ಹೆಟ್‌ನಲ್ಲಿದ್ದರು. ನೆಲಬಾಂಬಿನ ಮೇಲೆ ಕಾಲಿಟ್ಟಾಗ ಕಾಲು ಛಿದ್ರವಾಯಿತು. ನೋವು ಶಮನಕ್ಕೆ ಮಾರ್ಫಿನ್ ಇರಲಿಲ್ಲ. ಕತ್ತರಿಸಿಬಿಡಿ ಎಂದರೆ ಯಾರಿಗೂ ಕೈ ಬರಲಿಲ್ಲ. ಕೊನೆಗೆ ತನ್ನ ಖುಕ್ರಿಯಿಂದ ತಾನೇ ಆ ಕಾಲನ್ನು ಕತ್ತರಿಸಿಕೊಂಡು, ಹೂಳಲು ಹೇಳಿದರು.

ಈ ಸಾಹಸದ ಕತೆ ಎಲ್ಲೆಡೆ ಪ್ರಚಾರದಲ್ಲಿದೆ. ಅದರ ಮುಂದಿನ ಭಾಗವನ್ನು ಹೇಳುವವರು ಕಡಿಮೆ. ಗಾಯಾಳುವಿನ ಶಸ್ತ್ರಚಿಕಿತ್ಸೆಗೆ ಆಗ ದೊರೆತವರು ಸೆರೆಯಾಗಿದ್ದ ಪಾಕಿಸ್ತಾನಿ ಸೇನಾ ವೈದ್ಯ ಮೇಜರ್ ಮುಹಮ್ಮದ್ ಬಶೀರ್. ಕಾರ್ಡೋಜೊ ಮೊದಲು ಒಪ್ಪಲಿಲ್ಲ. ಪಾಕಿಸ್ತಾನಿ ರಕ್ತ ಬೇಡವೆಂಬ ಷರತ್ತನ್ನೂ ಹಾಕಿದರು. ಯುದ್ಧದ ಮಧ್ಯೆ ನಿಂತ ಸೈನಿಕನ ಈ ಹಠವನ್ನು ನಾವು ಆಕ್ಷೇಪಿಸಲಾರೆವು. ಆದರೆ ಬಶೀರ್ ಹಠ ಹಿಡಿಯಲಿಲ್ಲ. ಸೆರೆಯಲ್ಲಿದ್ದೇ ಶತ್ರುಸೇನೆಯ ಅಧಿಕಾರಿಯ ಗಾಯಕ್ಕೆ ಶಸ್ತ್ರಚಿಕಿತ್ಸೆ ಮಾಡಿದರು. ಆ ವೈದ್ಯನ ಋಣವನ್ನು ಕಾರ್ಡೋಜೊ ಮುಂದೆ ಬಹಿರಂಗವಾಗಿ ಒಪ್ಪಿಕೊಂಡಿದ್ದಾರೆ. ಹೆಸರು ನೋಡಿ ದೇಶನಿಷ್ಠೆಯನ್ನು ಅಳೆಯುವವರು ಈ ಭಾಗವನ್ನೂ ಮಕ್ಕಳಿಗೆ ಹೇಳುವರೇ?

ಒಂದು ಕಾಲಿನ ಅಧಿಕಾರಿಗೆ ಬೆಟಾಲಿಯನ್ ಒಪ್ಪಿಸಲು ಸೇನೆ ಮೊದಲು ಸಿದ್ಧವಿರಲಿಲ್ಲ. ಅವರು ಕೃತಕ ಕಾಲಿನಲ್ಲೇ ಬೆಟ್ಟ ಹತ್ತಿ ತೋರಿಸಿದರು. ಆಗಿನ ಸೇನಾ ಮುಖ್ಯಸ್ಥ ಜನರಲ್ ಟಿ.ಎನ್. ರೈನಾ ಒಪ್ಪಿದರು. ಹೀಗೆ ಯುದ್ಧದಲ್ಲಿ ಅಂಗವಿಕಲರಾಗಿಯೂ ಬೆಟಾಲಿಯನ್ನನ್ನೂ ಬಳಿಕ ಬ್ರಿಗೇಡನ್ನೂ ಮುನ್ನಡೆಸಿದ ಮೊದಲ ಭಾರತೀಯ ಅಧಿಕಾರಿ ಅವರಾದರು. ನಿವೃತ್ತಿಯ ಬಳಿಕ ಅಂಗವಿಕಲ ಮಕ್ಕಳ ಸೇವೆಗೆ ಇಳಿದರು, ಭಾರತೀಯ ಪುನರ್ವಸತಿ ಪರಿಷತ್ತಿನ ಅಧ್ಯಕ್ಷರಾಗಿ 2005ರಿಂದ 2011ರ ತನಕ ದುಡಿದರು. 1965ರ ಯುದ್ಧದಲ್ಲಿ ಕಾಲು ಕಳೆದುಕೊಂಡ ಲೆಫ್ಟಿನೆಂಟ್ ಜನರಲ್ ವಿಜಯ್ ಒಬೆರಾಯ್ ಸ್ಥಾಪಿಸಿದ ವಾರ್ ವೂಂಡೆಡ್ ಫೌಂಡೇಶನ್‌ನ ಮೂಲಕ ಗಾಯಾಳು ಸೈನಿಕರ ಬೆನ್ನಿಗೆ ನಿಂತರು.

ಇರಲಿ. ಅವರು ಜನರಲ್, ದೆಹಲಿಯ ಬಾಗಿಲುಗಳು ಅವರಿಗೆ ತೆರೆದಿದ್ದವು. ಅಜ್ಜಂಪುರದ ಒಬ್ಬ ನಿವೃತ್ತ ಸಿಪಾಯಿಯ ಪಾಡೇನು? ಅಂಗವಿಕಲತೆಯ ಪಿಂಚಣಿ ಸಿಗಬೇಕಾದರೆ ಊನಕ್ಕೆ ಸೇವೆಯೇ ಕಾರಣವೆಂದು, ಅಥವಾ ಸೇವೆಯಿಂದ ಅದು ಉಲ್ಬಣಿಸಿತೆಂದು ವೈದ್ಯಕೀಯ ಮಂಡಳಿ ಒಪ್ಪಬೇಕು. ಸಾಮಾನ್ಯವಾಗಿ ಅದು ಶೇ. 20ಕ್ಕಿಂತ ಕಡಿಮೆ ಇರಕೂಡದು. ಆರೋಗ್ಯವಂತನೆಂದು ಭರ್ತಿ ಮಾಡಿಕೊಂಡವನಿಗೆ ಊನವಾದರೆ ಅದು ಸೇವೆಯಿಂದಲೇ ಎಂದು ಭಾವಿಸಬೇಕು, ಅಲ್ಲವೆಂದು ರುಜುವಾತುಪಡಿಸುವ ಹೊಣೆ ಸರಕಾರದ್ದು ಎಂದು 2013ರಲ್ಲಿ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಮೇಲೂ ತನ್ನದೇ ಸೈನಿಕರ ವಿರುದ್ಧ ಮೇಲ್ಮನವಿ ಹೂಡುವುದನ್ನು ಸರಕಾರ ಬಿಡಲಿಲ್ಲ. ಇನ್ನು ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗೋಣವೆಂದರೆ ಕರ್ನಾಟಕ ಬರುವುದು ಕೊಚ್ಚಿ ಪೀಠದ ವ್ಯಾಪ್ತಿಗೆ. 2022ರಲ್ಲಿ ಬಂದ ಅಗ್ನಿಪಥ ಯೋಜನೆಯ ಹುಡುಗರಿಗಂತೂ ಅಂಗ ಹೋದರೆ ಒಂದು ಸಲದ ಪರಿಹಾರ, ಆಜೀವ ಪಿಂಚಣಿ ಇಲ್ಲ.

ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಕೇಂದ್ರವಿದೆ. ಹೈದರಾಲಿ ಮತ್ತು ಟಿಪ್ಪುವಿನ ದಂಡಿಗೆ ಫಿರಂಗಿ ಎಳೆದ ತಳಿಯದು. ಆ ದನಗಳು ಮೇಯಲೆಂದು ಕಾವಲುಗಳನ್ನೇ ಮೀಸಲಿಟ್ಟ ನಾಡು ನಮ್ಮದು!

ಪಿಂಚಣಿ ಈಗ 'ಸ್ಪರ್ಶ್' ಎಂಬ ಗಣಕ ವ್ಯವಸ್ಥೆಗೆ ಹೋಗಿದೆ. ಜೀವಂತವಿರುವುದನ್ನು ವರ್ಷಕ್ಕೊಮ್ಮೆ ಅಲ್ಲಿ ದೃಢಪಡಿಸಬೇಕು. ಸವೆದ ಬೆರಳಿನ ಗುರುತು ಯಂತ್ರಕ್ಕೆ ಸಿಗದಿರಬಹುದು. ನಮ್ಮವರ ಹೆಸರುಗಳ ಪಾಡು ಕೇಳುವುದೇ ಬೇಡ. ರೆಜಿಮೆಂಟಿನ ದಾಖಲೆಯಲ್ಲಿ 'ಶೇಕ್', ಆಧಾರ್‌ನಲ್ಲಿ 'ಶೇಖ್', ಬ್ಯಾಂಕಿನಲ್ಲಿ 'ಷೇಕ್' ಆದರೆ ಒಬ್ಬನೇ ಮನುಷ್ಯ ಮೂವರಾಗುತ್ತಾನೆ. ವಿಧವೆಯ ಕುಟುಂಬ ಪಿಂಚಣಿ ಇಂಥ ಒಂದು ಅಕ್ಷರಕ್ಕೆ ಸಿಲುಕಿಕೊಳ್ಳಬಹುದು. ಕೃತಕ ಕಾಲೂ ಒಮ್ಮೆ ಕೊಟ್ಟರೆ ಮುಗಿಯುವ ವಸ್ತುವಲ್ಲ. ಉಳಿದ ಕಾಲಿನ ತುದಿ ಕ್ರಮೇಣ ಸಣ್ಣದಾಗುತ್ತದೆ, ಅಳತೆ ತಪ್ಪುತ್ತದೆ, ಹುಣ್ಣಾಗುತ್ತದೆ, ಮತ್ತೆ ಹೊಂದಿಸಬೇಕು. ಸೇನೆಯ ಕೃತಕ ಅಂಗ ಕೇಂದ್ರವಿರುವುದು ದೂರದ ಪುಣೆಯಲ್ಲಿ. ಜೊತೆಗೆ ಹೋಗುವವರು ಯಾರು?

ಇದಕ್ಕೆ ಜನರಲ್ ಆಗಿರಬೇಕಿಲ್ಲ. ಪದವಿ ಮುಗಿಸಿ ಮೊಬೈಲ್ ಹಿಡಿದು ಕೂತ ಹುಡುಗರು ನಮ್ಮ ಪ್ರತಿ ಮೊಹಲ್ಲಾದಲ್ಲಿದ್ದಾರೆ. ಜಮಾಅತ್ ಕಚೇರಿಯಲ್ಲಿ ಮೇಜು, ಕುರ್ಚಿ ಇವೆ. ವಾರಕ್ಕೊಂದು ದಿನ ಇಬ್ಬರು ಹುಡುಗರು ಅಲ್ಲಿ ಕುಳಿತು ಮಾಜಿ ಸೈನಿಕರ ಮತ್ತು ವಿಧವೆಯರ ಕಾಗದಪತ್ರ ನೋಡಿಕೊಟ್ಟರೆ ಏನು ಕಷ್ಟ? ಇದಕ್ಕೆ ಝಕಾತ್‌ನ ಹಣ ಬೇಡ. ಅವರು ಕೇಳುತ್ತಿರುವುದು ಅವರದೇ ಹಕ್ಕಿನ ಹಣ. ಬಂದವನು ಮುಸ್ಲಿಮನೋ, ಲಿಂಗಾಯತನೋ, ಕುರುಬನೋ ಎಂದು ವಿಚಾರಿಸುವ ಅಗತ್ಯವೂ ಇಲ್ಲ. ಸಿಲ್ಹೆಟ್‌ನಲ್ಲಿ ಮೇಜರ್ ಬಶೀರ್ ವಿಚಾರಿಸಲಿಲ್ಲ. ಮೆಟ್ಟಿಲು ಹತ್ತಲಾಗದವರ ಮನೆಗೆ ಮಾತ್ರ ಹುಡುಗರೇ ಹೋಗಬೇಕಾದೀತು.