ಉಗುಳಿನ ಲೆಕ್ಕ, ಬಾಯಿಯ ಲೆಕ್ಕ

ಕಡೂರು, ತರೀಕೆರೆ, ಅಜ್ಜಂಪುರ – ಯಾವ ಊರಿಗೇ ಹೋಗಿ ಸ್ವಾಮಿ, ಗೋಡೆ ಮೂಲೆಯಲ್ಲಿ ಕೆಂಪು ಉಗುಳು ಕಾಣದೆ ಇರದು. ಈಗ ಆ ಉಗುಳಿನಲ್ಲೇ ಮೈಯ ಗುಟ್ಟು ಸಿಗುತ್ತದೆ ಅನ್ನುತ್ತಾರೆ ಡಾಕ್ಟರುಗಳು!

ವಿಷಯ ಇಷ್ಟೆ. ಅಡಿಕೆಗೆ ಸುಣ್ಣ ಬೆರೆಸಿ ಅಗಿದಾಗ ಬಾಯಲ್ಲಿ ಪುಂಡ ಆಮ್ಲಜನಕ ಕಣಗಳು ಹುಟ್ಟುತ್ತವೆ. ತಡೆಯುವ ಶಕ್ತಿ ಸೋತರೆ, ಹಳೇ ಕೊಬ್ಬರಿ ಕಮಟು ಹಿಡಿದ ಹಾಗೆ, ಜೀವಕೋಶದ ಕೊಬ್ಬೇ ಕೆಡುತ್ತದೆ. ಇದೇ ಆಕ್ಸಿಡೇಟಿವ್ ಸ್ಟ್ರೆಸ್. ಆಗ ಹುಟ್ಟುವ ಮಾಲೋನ್‌ಡೈಆಲ್ಡಿಹೈಡ್ ಎಂಬ ವಸ್ತುವನ್ನು ಉಗುಳಿನಲ್ಲೇ ಅಳೆಯಬಹುದು. ಸೂಜಿಯ ಗೊಡವೆ ಇಲ್ಲ.

ಆದರೆ ಆತುರ ಬೇಡ. ವಸಡು ಕೆಟ್ಟಿದ್ದರೂ, ಬೀಡಿ ಸೇದಿದರೂ ಈ ಅಂಕಿ ಏರುತ್ತದೆ. ಇಷ್ಟಾದರೆ ರೋಗ ಎಂಬ ಸರ್ವಮಾನ್ಯ ಗೆರೆ ಇನ್ನೂ ಇಲ್ಲ. ಇದೊಂದನ್ನೇ ನಂಬಿ ಕೂರುವ ಹಾಗಿಲ್ಲ.

ಅಡಿಕೆ ನಮ್ಮ ಸೀಮೆಯ ಅನ್ನ, ನಿಜ. 2013ರಲ್ಲಿ ರಾಜ್ಯ ಗುಟ್ಕಾ ನಿಷೇಧಿಸಿದಾಗ ಬೆಳೆಗಾರರು ಕಂಗಾಲಾದದ್ದೂ ನಿಜ. ಆದರೆ ತಂಬಾಕು ಇಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಹೇಳಿದೆ. ಬೆಳೆಯುವ ಕೈ ಬೇರೆ, ಅಗಿಯುವ ಬಾಯಿ ಬೇರೆ.

30 ದಾಟಿದವರ ಬಾಯಿಯನ್ನು 5 ವರ್ಷಕ್ಕೊಮ್ಮೆ ನೋಡಬೇಕೆಂಬುದು ಸರ್ಕಾರದ್ದೇ ಕಾರ್ಯಕ್ರಮ. ಅದಕ್ಕೆ ಲ್ಯಾಬು ಬೇಡ, ಒಂದು ಟಾರ್ಚು, ಪುರುಸೊತ್ತು ಸಾಕು. ಮೂರೂ ತಾಲ್ಲೂಕುಗಳಲ್ಲಿ ಎಷ್ಟು ಬಾಯಿ ನೋಡಿದಿರಿ? ಅಧಿಕಾರಿಗಳು ಲೆಕ್ಕ ಕೊಡಲಿ.

ಓದುಗರೇ, ನೀವೂ ಸುಮ್ಮನಿರಬೇಡಿ. ನಿಮ್ಮ ಮೂರು ಬೆರಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಡಿ. ಹೋಗದಿದ್ದರೆ, ಸಾರಿನ ಖಾರಕ್ಕೇ ಬಾಯಿ ಉರಿದರೆ, ನಾಳೆ ಬೆಳಗ್ಗೆಯೇ ಆಸ್ಪತ್ರೆಗೆ ಹೊರಡಿ. ಎಲೆ ಅಡಿಕೆ ಚೀಲ ಮನೆಯಲ್ಲೇ ಇರಲಿ.