ಆಕಾಶದ ಪಾಠ ಶಾಲೆಯ ಅಂಗಳದಲ್ಲಿ ನಡೆಯಲಿ

2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣವಾದಾಗ ನಮ್ಮ ನೆರೆಯ ಕಲಬುರಗಿಯ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತರು. ಹೀಗೆ ಮಾಡಿದರೆ ಊನ ವಾಸಿಯಾಗುವುದೆಂದು ನಂಬಿಕೆ. ಆ ತಾಯಿತಂದೆಗಳನ್ನು ಹಳಿಯಲು ನಮಗೆ ಮನಸ್ಸಿಲ್ಲ. ಬೇರೆ ದಾರಿ ಕಾಣದ ಬಡವರು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ. ಚಂದ್ರನು ಸೂರ್ಯನಿಗೆ ಅಡ್ಡ ಬರುವುದೇ ಗ್ರಹಣ, ಅದರಿಂದ ಕೇಡೂ ಇಲ್ಲ, ಮದ್ದೂ ಇಲ್ಲ ಎಂದು ಅವರಿಗೆ ಎಳವೆಯಲ್ಲಿ ತೋರಿಸಿಕೊಡದ ವ್ಯವಸ್ಥೆಯೇ ಇಲ್ಲಿ ಅಪರಾಧಿ.

ಖಗೋಳಶಾಸ್ತ್ರವು ಪಟ್ಟಣದ ಶ್ರೀಮಂತರ ಮಕ್ಕಳ ವಿದ್ಯೆಯೆಂದು ಭಾವಿಸುವವರು ಶಹಾಪುರದ ಹತ್ತಿರದ ವಿಭೂತಿಹಳ್ಳಿಗೆ ಹೋಗಿ ನೋಡಲಿ. ಅಲ್ಲಿ ಇತಿಹಾಸಪೂರ್ವ ಕಾಲದ ಜನರು ದೊಡ್ಡ ಬಂಡೆಗಳನ್ನು ಸಾಲು ಹಿಡಿದು ನಿಲ್ಲಿಸಿದ್ದಾರೆ. 1841ರಲ್ಲಿ ಸುರಪುರಕ್ಕೆ ಬಂದ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಅವುಗಳನ್ನು ಕುರಿತು ಬರೆದನು. ಸೂರ್ಯನು ಉತ್ತರದ ಮತ್ತು ದಕ್ಷಿಣದ ತುದಿ ಮುಟ್ಟುವ ದಿನಗಳಲ್ಲಿ, ಹಗಲಿರುಳು ಸಮವಾಗುವ ದಿನಗಳಲ್ಲಿ ಮುಳುಗುವ ಬಿಂದುಗಳಿಗೆ ಈ ಸಾಲುಗಳು ಮುಖಮಾಡಿವೆಯೆಂದು ಖಗೋಳವಿಜ್ಞಾನಿ ಎನ್. ಕಾಮೇಶ್ವರ ರಾವ್ ಅವರು ತೋರಿಸಿದ್ದಾರೆ. ಅಕ್ಷರ ಬಾರದ ಜನರು ಕಲ್ಲಿನಲ್ಲಿ ಪಂಚಾಂಗ ಕಟ್ಟಿದ ನೆಲವಿದು!

ನಮ್ಮ ರೈತರಿಗೂ ಈ ವಿದ್ಯೆ ಹೊಸದಲ್ಲ. ಮಿರಗದ ಮಳೆಯೆಂದರೆ ಸೂರ್ಯನು ಮೃಗಶಿರಾ ನಕ್ಷತ್ರದಲ್ಲಿರುವ ದಿನಗಳ ಮಳೆ. ಆಗ ಆ ನಕ್ಷತ್ರ ಬಿಸಿಲಿನಲ್ಲಿ ಅಡಗಿರುತ್ತದೆ. ಡಿಸೆಂಬರಿನ ರಾತ್ರಿ ಪೂರ್ವದಲ್ಲಿ ಏರುತ್ತದೆ. ಇಷ್ಟನ್ನು ತೋರಿಸಿದರೆ ಅಜ್ಜನ ಮಾತೂ ಪುಸ್ತಕದ ಪಾಠವೂ ಒಂದಾಗುತ್ತವೆ.

ಇದಕ್ಕೆ ದುರ್ಬೀನು ಬೇಕಿಲ್ಲ. ಅಂಗಳದಲ್ಲಿ ಒಂದು ಕೋಲು ನೆಟ್ಟು ನೆರಳಿನ ತುದಿಯನ್ನು ಗುರುತಿಸುತ್ತ ಹೋದರೆ ಅತಿ ಗಿಡ್ಡ ನೆರಳು ಉತ್ತರ ದಕ್ಷಿಣವನ್ನು ತೋರಿಸುತ್ತದೆ. ಯಾದಗಿರಿಯಲ್ಲಿ ಅದು ಗಡಿಯಾರದ 12 ಗಂಟೆಗಲ್ಲ, ಸುಮಾರು 20 ನಿಮಿಷ ತಡವಾಗಿ ಬರುತ್ತದೆ. ಏಕೆಂದರೆ ದೇಶದ ವೇಳೆಯನ್ನು ನಮ್ಮಿಂದ ಪೂರ್ವದ ರೇಖೆಗೆ ಹೊಂದಿಸಿದ್ದಾರೆ. ಮೇ ಮತ್ತು ಆಗಸ್ಟ್ ತಿಂಗಳುಗಳ ಮೊದಲ ವಾರದಲ್ಲಿ ಒಂದು ದಿನ ನೆಟ್ಟಗೆ ನಿಂತ ಕೋಲಿಗೆ ನಡುಹಗಲು ನೆರಳೇ ಇರುವುದಿಲ್ಲ. ಇದನ್ನು ಕಣ್ಣಾರೆ ಕಂಡ ಮಗು ಮರೆಯುವುದುಂಟೆ?

ಆದರೆ ಕೋಲು ನೆಡಿಸುವ ಗುರುಗಳೆಲ್ಲಿ? 2024ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಕೊನೆಯಾಯಿತು. ಹತ್ತಿ ಬಿಡಿಸುವ ಕಾಲಕ್ಕೆ ಮಕ್ಕಳು ಹೊಲದಲ್ಲಿರುತ್ತಾರೆ. 371ಜೆ ವಿಧಿಯ ಮಾತನ್ನಾಡುವ ಸರಕಾರ ಮೊದಲು ವಿಜ್ಞಾನ ಶಿಕ್ಷಕರ ಖಾಲಿ ಹುದ್ದೆಗಳನ್ನು ತುಂಬಲಿ. ಪ್ರತಿ ಪ್ರೌಢಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ವಿಭೂತಿಹಳ್ಳಿಗೆ ಕರೆದೊಯ್ಯಲು ಬಸ್ಸಿನ ಖರ್ಚು ಕೊಡಲಿ.

2027ರ ಆಗಸ್ಟ್ 2 ಸೋಮವಾರ, ಶಾಲೆಯ ದಿನ. ಅಂದು ಭಾರತದಲ್ಲಿ ಪಾರ್ಶ್ವ ಸೂರ್ಯಗ್ರಹಣ. ಬರಿಗಣ್ಣಿನಿಂದ ನೋಡದೆ, ರಟ್ಟಿನ ಸಣ್ಣ ತೂತಿನಿಂದ ಗೋಡೆಯ ಮೇಲೆ ಬಿಂಬ ಬೀಳಿಸಿ ಮಕ್ಕಳಿಗೆ ತೋರಿಸಬೇಕು. ಗಿರಣಿಯ ಸಂಗಾತಿಗಳೂ ಅಂಗಡಿಯ ಮಿತ್ರರೂ ತಮ್ಮ ಮಕ್ಕಳ ಶಾಲೆಗೆ ಹೋಗಿ ಇದನ್ನು ಕೇಳಲಿ. ಇನ್ನೊಂದು ಮಗು ಮಣ್ಣಿನಲ್ಲಿ ಹೂಳಲ್ಪಡಕೂಡದು.