ಸ್ಥಾಪಕಿಯೊಬ್ಬರ ನಿರ್ಗಮನ

ನಮ್ಮ ನಾಡಿನಲ್ಲಿ ವಿದ್ಯಾಸಂಸ್ಥೆಯೊಂದನ್ನು ಸ್ಥಾಪಿಸಿದವರು ಅದರಿಂದ ಹೊರಬೀಳುವುದು ಸಾಮಾನ್ಯವಾಗಿ ಮರಣದ್ವಾರದಿಂದಲೇ. ಅಲ್ಲಿಯವರೆಗೆ ಅಧ್ಯಕ್ಷಪೀಠ ಅವರದು, ಅನಂತರ ಅವರ ಮಕ್ಕಳದು, ಮಹಾದ್ವಾರದ ಮೇಲಣ ಹೆಸರಂತೂ ಆಚಂದ್ರಾರ್ಕವಾಗಿ ಅವರದೇ. ಈ ಪದ್ಧತಿಗೆ ಒಗ್ಗಿಹೋದ ನಮ್ಮ ಕಣ್ಣಿಗೆ, ತಾವು ಹುಟ್ಟುಹಾಕಿದ ಸಭೆಯನ್ನು ಐದು ವರ್ಷಗಳಲ್ಲಿಯೇ ಪರರ ಕೈಗಿತ್ತು, ಬಳಿಕ ಮೂವತ್ತಕ್ಕೂ ಮಿಕ್ಕ ವರ್ಷ ಸಾಮಾನ್ಯ ಸನ್ಯಾಸಿನಿಯಾಗಿ ಬಾಳಿದ ಸ್ತ್ರೀಯೊಬ್ಬರು ಸುಲಭವಾಗಿ ಗೋಚರಿಸುವುದಿಲ್ಲ. ಮಂಗಳೂರಿನ ಸ್ತ್ರೀವಿದ್ಯಾಭ್ಯಾಸದ ಮೂಲವನ್ನು ಅರಸುತ್ತ ಹೋದರೆ ಎದುರಾಗುವ ಮದರ್ ವೆರೋನಿಕಾ ಅಂಥವರು. ಅಪೊಸ್ತೋಲಿಕ್ ಕಾರ್ಮೆಲ್ ಎಂಬ ಭಗಿನೀಸಭೆಯ ಸ್ಥಾಪಕಿಯಾದ ಇವರ ಹೆಸರು ಕರಾವಳಿಯ ಕ್ರೈಸ್ತ ಮನೆಗಳಿಂದಾಚೆ ಬಹುಮಂದಿ ಕನ್ನಡಿಗರ ಕಿವಿಗೆ ಬಿದ್ದಿಲ್ಲ.

ಇವರ ಪೂರ್ವಾಶ್ರಮದ ಹೆಸರು ಸೋಫಿ ಲೀವ್ಸ್. ಜನ್ಮ 1823ರ ಅಕ್ಟೋಬರ್ 1ರಂದು, ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ. ತಂದೆ ಹೆನ್ರಿ ಡೇನಿಯಲ್ ಲೀವ್ಸ್ ಆಂಗ್ಲಿಕನ್ ಪಾದ್ರಿಗಳು. ಬೈಬಲನ್ನು ಆಧುನಿಕ ಗ್ರೀಕ್ ಭಾಷೆಗೆ ತರುವ ಕಾರ್ಯದಲ್ಲಿ ಆಯುಷ್ಯದ ಬಹುಭಾಗವನ್ನು ಸವೆಸಿದ ವಿದ್ವಾಂಸರು. ಅಂಥ ಮನೆಯ ಮಗಳು, ತಂದೆಯ ನಿಧನಾನಂತರ, 1850ರಲ್ಲಿ ಮಾಲ್ಟಾ ದ್ವೀಪದಲ್ಲಿ ಕಥೋಲಿಕ ಸಭೆಯನ್ನು ಸೇರಿದುದು, ಮರುವರ್ಷವೇ ಸಂತ ಜೋಸೆಫರ ಭಗಿನಿಯರ ಸಭೆಯೊಂದರಲ್ಲಿ ವ್ರತ ಕೈಕೊಂಡುದು, ಅಂದಿನ ಇಂಗ್ಲಿಷ್ ಸಮಾಜದ ದೃಷ್ಟಿಯಲ್ಲಿ ಅಲ್ಪ ಸಾಹಸವಲ್ಲ. ನಿಶ್ಚಿತವಾಗಿದ್ದ ವಿವಾಹವನ್ನೂ ಅವರು ತ್ಯಜಿಸಿದರು. ಚರಿತ್ರಕಾರರು ಈ ಪ್ರಸಂಗದ ಮೇಲೆ ಧಾರಾಳವಾಗಿ ಕಣ್ಣೀರು ಸುರಿಸುವುದುಂಟು. ನನಗಾದರೋ ಅವರ ಜೀವನದ ನಿಜವಾದ ತ್ಯಾಗ ಇದಲ್ಲ, ಮುಂದೆ ಬರುವುದು ಎಂದು ತೋರುತ್ತದೆ.

1860ರ ದಶಕದ ಆದಿಯಲ್ಲಿ ಅವರನ್ನು ಕಲ್ಲಿಕೋಟೆಗೆ ಕಳುಹಿಸಲಾಯಿತು. ಪಶ್ಚಿಮ ಕರಾವಳಿಯ ಈ ಭಾಗದ ಕಥೋಲಿಕ ಮಿಷನ್ ಆಗ ಕಾರ್ಮೆಲ್ ಸಭೆಯ ಗುರುಗಳ ಆಡಳಿತದಲ್ಲಿತ್ತು. ಆ ಗುರುಗಳಲ್ಲೊಬ್ಬರಾದ ಫ್ರಾನ್ಸ್ ದೇಶದ ಮರೀ ಎಫ್ರೆಮರಿಗೆ ಒಂದು ಚಿಂತೆ ಹಿಡಿದಿತ್ತು: ಇಲ್ಲಿನ ಹೆಣ್ಣುಮಕ್ಕಳಿಗೆ ಕಲಿಸಲು, ಕಾರ್ಮೆಲಿನ ಧ್ಯಾನನಿಷ್ಠೆಯನ್ನು ಬಿಡದೆಯೇ ಪಾಠಶಾಲೆಗಳಲ್ಲಿ ದುಡಿಯಬಲ್ಲ ಭಗಿನಿಯರು ಬೇಕು. ಈ ಸಂಕಲ್ಪದ ವೈಚಿತ್ರ್ಯವನ್ನು ಮನಗಾಣದೆ ಮುಂದಿನ ಕಥೆ ಅರ್ಥವಾಗದು. ಅವಿಲಾದ ಸಂತ ತೆರೇಸಾ 16ನೆಯ ಶತಮಾನದಲ್ಲಿ ಸುಧಾರಿಸಿದ ಕಾರ್ಮೆಲಿನಲ್ಲಿ ಸನ್ಯಾಸಿನಿಯೆಂದರೆ ಪ್ರಾಕಾರದೊಳಗೆ ಮೌನ, ಪ್ರಾರ್ಥನೆ, ತಪಸ್ಸುಗಳಲ್ಲಿ ಜೀವ ಸವೆಸುವವಳು. ಬೀದಿಗಿಳಿದು ಮಕ್ಕಳಿಗೆ ಕಾಗುಣಿತ ಹೇಳಿಕೊಡುವವಳಲ್ಲ. ಗುಹೆಯಲ್ಲಿ ಕುಳಿತ ತಪಸ್ವಿಯನ್ನು ಅಗ್ರಹಾರದ ಪಾಠಶಾಲೆಗೆ ಉಪಾಧ್ಯಾಯನಾಗಿ ಕರೆತರುವಷ್ಟೇ ಕಠಿಣವಾದ ಕಾರ್ಯವಿದು. ತಮ್ಮ ಅಂತರಂಗವೇ ಕಾರ್ಮೆಲಿನ ಕಡೆಗೆ ಸೆಳೆಯುತ್ತಿದ್ದ ವೆರೋನಿಕಾ ಈ ಭಾರವನ್ನು ಹೊತ್ತರು. ಅದಕ್ಕಾಗಿ ಹಳೆಯ ಸಭೆಯನ್ನು ಬಿಟ್ಟು, ನಲವತ್ತು ದಾಟಿದ ವಯಸ್ಸಿನಲ್ಲಿ ಫ್ರಾನ್ಸಿನ ಪೋ ನಗರದ ಕಾರ್ಮೆಲ್ ಮಠವನ್ನು ನವಶಿಷ್ಯೆಯಾಗಿ ಪ್ರವೇಶಿಸಿ, ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. 1868ರ ಜುಲೈ 16ರಂದು, ಕಾರ್ಮೆಲ್ ಮಾತೆಯ ಹಬ್ಬದ ದಿನ, ಬಯೋನ್ ಎಂಬಲ್ಲಿ ಅವರ ಹೊಸ ಸಭೆ ಜನ್ಮತಾಳಿತು.

1870ರಲ್ಲಿ, ಫ್ರಾನ್ಸ್ ಜರ್ಮನರೊಡನೆ ಯುದ್ಧದಲ್ಲಿ ತೊಡಗಿದ್ದ ಹೊತ್ತಿನಲ್ಲಿಯೇ, ಮದರ್ ಮರೀ ದೆಸಾಂಜ್ ಅವರ ನಾಯಕತ್ವದಲ್ಲಿ ಬಯೋನಿನ ಮೂವರು ಭಗಿನಿಯರು ಹಡಗನ್ನೇರಿದರು. ಮಂಗಳೂರಿನಲ್ಲಿ ಏಕಾಂತ ಮಠವನ್ನು ಕಟ್ಟಲೆಂದು ಹೊರಟ ಪೋ ನಗರದ ಸನ್ಯಾಸಿನಿಯರೂ ಜೊತೆಗಿದ್ದರು. ಇವರಲ್ಲಿ ಕೆಲವರು ಗಮ್ಯವನ್ನು ಕಾಣುವ ಮೊದಲೇ ಅಸುನೀಗಿದರು. ಬದುಕುಳಿದವರಲ್ಲೊಬ್ಬಳು ಪ್ಯಾಲೆಸ್ತೀನಿನ ಮರಿಯಮ್ ಬವಾರ್ದಿ; ಮಂಗಳೂರಿನಲ್ಲಿ ವ್ರತ ಸ್ವೀಕರಿಸಿ, ಇಲ್ಲಿಯೇ ಸಂಶಯಕ್ಕೊಳಗಾಗಿ, ಮರಳಿ ಫ್ರಾನ್ಸಿಗೆ ಕಳುಹಿಸಲ್ಪಟ್ಟ ಈಕೆಯನ್ನು 2015ರಲ್ಲಿ ರೋಮ್ ಸಂತಳೆಂದು ಘೋಷಿಸಿತು. ನವೆಂಬರ್ 19ರಂದು ಮೂವರು ಭಗಿನಿಯರು ಮಂಗಳೂರಿನ ನೆಲವನ್ನು ಮುಟ್ಟಿದರು. ಸಂತ ಆನ್ನರ ಕಾನ್ವೆಂಟು ಅವರಿಂದ ಬೆಳೆಯಿತು. ಅವರನ್ನು ಸಿದ್ಧಗೊಳಿಸಿ ಕಳುಹಿಸಿದ ವೆರೋನಿಕಾ ಮಾತ್ರ ಬಯೋನಿನಲ್ಲಿಯೇ ಉಳಿದರು, ಇನ್ನಷ್ಟು ಮಂದಿಯನ್ನು ತರಬೇತುಗೊಳಿಸುವುದಕ್ಕಾಗಿ.

ಆದರೆ 1873ರಲ್ಲಿ, ಅಷ್ಟರೊಳಗೆ ಬಿಷಪರಾಗಿದ್ದ ಮರೀ ಎಫ್ರೆಮರು ತೀರಿಕೊಂಡರು; ಬಯೋನಿನ ಮನೆಯೂ ಅದೇ ವರ್ಷ ಮುಚ್ಚಿತು. ಸ್ಥಾಪಕಿಗೆ ಕೈಯಲ್ಲಿ ಉಳಿದುದು ಏನೂ ಇಲ್ಲ. ಮಂಗಳೂರಿಗೆ ಹೋಗಿ ತಮ್ಮ ಅಧಿಕಾರವನ್ನು ಪ್ರತಿಷ್ಠಾಪಿಸಲು ಅವರು ಹವಣಿಸಲಿಲ್ಲ; ಪೋ ನಗರದ ಏಕಾಂತ ಮಠಕ್ಕೆ ಹಿಂದಿರುಗಿದರು. 1875ರಲ್ಲಿ ಬೆತ್ಲೆಹೇಮಿನಲ್ಲಿ ಕಾರ್ಮೆಲ್ ಮಠವನ್ನು ಕಟ್ಟಲು ಹೊರಟವರ ಗುಂಪಿನಲ್ಲಿ ಅವರಿದ್ದರು, ಮಂಗಳೂರಿನಿಂದ ಮರಳಿದ್ದ ಆ ಮರಿಯಮಳೂ ಇದ್ದಳು. ಅಲ್ಲಿ ಹಲವು ವರ್ಷಗಳಿದ್ದು, ಪುನಃ ಪೋ ನಗರಕ್ಕೆ ಬಂದು, 1906ರ ನವೆಂಬರ್ 16ರಂದು 83ನೆಯ ವಯಸ್ಸಿನಲ್ಲಿ ದೇಹವಿಟ್ಟರು. ಭಕ್ತಿಪರವಾದ ಚರಿತ್ರೆಗಳು ಇದನ್ನು ಶರಣಾಗತಿಯೆಂದು ಕರೆದು ಮುಂದೆ ಸಾಗುತ್ತವೆ. ಶರಣಾಗತಿಯೇನೋ ಹೌದು, ಆದರೆ ಮೊದಲು ಅದು ಸೋಲು, ಲೌಕಿಕವಾದ ನಿಚ್ಚಳ ಸೋಲು. ಸೋಲನ್ನು ಸೋಲೆಂದೇ ಹೇಳದೆ ಈ ಹೆಂಗಸಿನ ಘನತೆಯನ್ನು ಅಳೆಯಲಾಗದು.

ಸ್ಥಾಪಕಿಯಿಲ್ಲದ ಸಭೆ ಸೊರಗಲಿಲ್ಲ ಎಂಬುದು ಗಮನಿಸತಕ್ಕ ವಿಷಯ. ಜೆಸ್ವಿತರು ಮಂಗಳೂರಿಗೆ ಕಾಲಿಡುವುದಕ್ಕೆ ಎಂಟು ವರ್ಷ ಮುಂಚೆಯೇ ಬಂದಿದ್ದ ಈ ಭಗಿನಿಯರು ಬಾಲಿಕೆಯರಿಗೆ ಕಲಿಸಿದರು, ಕಲಿಸುವವರನ್ನೂ ತಯಾರಿಸಿದರು. 1921ರಲ್ಲಿ, ಅಮೆರಿಕದಿಂದ ಬಂದಿದ್ದ ಮದರ್ ಅಲೋಶಿಯಾ ಅವರ ಪ್ರಯತ್ನದಿಂದ, ಸಂತ ಆಗ್ನೆಸ್ ಮಹಿಳಾ ಕಾಲೇಜು ಪ್ರಾರಂಭವಾಯಿತು. ಈ ಭಗಿನಿಯರ ಮೊದಲ ಲಕ್ಷ್ಯ ಕಥೋಲಿಕ ಬಾಲಿಕೆಯರ ಮೇಲೆಯೇ ಇತ್ತು, ಮಿಷನಿನ ಹಿಂದೆ ಮತನಿಷ್ಠೆಯಿತ್ತು ಎಂದು ಆಕ್ಷೇಪಿಸುವವರುಂಟು. ಅದು ಸುಳ್ಳಲ್ಲ, ಮುಚ್ಚಿಡಬೇಕಾದುದೂ ಅಲ್ಲ. ಆದರೆ ಅದೇ ಆಕ್ಷೇಪ ಬಾಸೆಲ್ ಮಿಷನಿಗೂ ಸಲ್ಲುವುದಲ್ಲವೆ? ಆದಾಗ್ಯೂ ಕನ್ನಡ ಶಬ್ದಕೋಶದ ಋಣವನ್ನು ನೆನೆದು ಆ ಮಿಷನಿನ ಕಿಟ್ಟೆಲರ ಪ್ರತಿಮೆಯನ್ನು ಬೆಂಗಳೂರಿನಲ್ಲಿ ನಿಲ್ಲಿಸಿದ್ದೇವೆ. ಅದು ಯುಕ್ತವೇ ಸರಿ. ಗ್ರಂಥಕ್ಕೆ ಸಲ್ಲುವ ಕೃತಜ್ಞತೆ ಪಾಠಶಾಲೆಗೆ ಏಕೆ ಸಲ್ಲಬಾರದು? ಮಗ್ಗಿ, ಕಾಗುಣಿತ, ಹೊಲಿಗೆಗಳನ್ನು ಕಲಿಸಿದ ಹೆಂಗಸರ ದುಡಿಮೆಗೆ ಮುಖಪುಟವಿಲ್ಲ, ಮುದ್ರಕರ ಹೆಸರಿಲ್ಲ. ಆದುದರಿಂದಲೇ ಅದು ನಮ್ಮ ಇತಿಹಾಸಕಾರರ ಕಪಾಟನ್ನು ಸೇರಿಲ್ಲವೆಂದು ನನ್ನ ಊಹೆ.

2014ರಲ್ಲಿ ಪೋಪ್ ಫ್ರಾನ್ಸಿಸರು ವೆರೋನಿಕಾ ಅವರನ್ನು ಪೂಜ್ಯೆಯೆಂದು ಸಾರಿದರು. ಸಂತಪದವಿಗೆ ಇನ್ನೂ ಮೆಟ್ಟಿಲುಗಳಿವೆ, ಪವಾಡಗಳ ಪರೀಕ್ಷೆಯಿದೆ. ಅದು ರೋಮಿಗೆ ಬಿಟ್ಟ ವಿಚಾರ. ಕನ್ನಡನಾಡಿನ ಸ್ತ್ರೀಶಿಕ್ಷಣದ ಇತಿಹಾಸವನ್ನು ಬರೆಯುವವರಿಗೆ ಆ ಪರೀಕ್ಷೆಯ ಫಲಿತಾಂಶ ಬೇಕಾಗಿಲ್ಲ. ಬಯೋನಿನಲ್ಲಿ ಮುಚ್ಚಿದ ಮನೆ, ಮಂಗಳೂರಿನಲ್ಲಿ ತೆರೆದ ಶಾಲೆ, ಇವೆರಡೂ ಒಂದೇ ಅಧ್ಯಾಯದಲ್ಲಿ ಬರಬೇಕು. ಆ ಅಧ್ಯಾಯದಲ್ಲಿ ಮರೀ ದೆಸಾಂಜ್, ಅಲೋಶಿಯಾ ಮೊದಲಾದವರಿಗೆ ಸ್ಥಾಪಕಿಗಿಂತ ಹೆಚ್ಚು ಪುಟಗಳು ಸಲ್ಲುವುದಾದರೆ ಸಲ್ಲಲಿ. ವೆರೋನಿಕಾ ಅವರೇ ಬದುಕಿದ್ದರೆ ಅದಕ್ಕೆ ಆಕ್ಷೇಪಿಸುತ್ತಿರಲಿಲ್ಲ.